ಹರ್ಮೀಸ್, ಪ್ರಮೀಥಿಯಸ್ ಕಥೆಗಳನ್ನು ಮೂಲದಲ್ಲೇ ಓದಲು: ಲೋಬ್ ಮಾಲೆಯ 496 ಮತ್ತು 57

ಗ್ರೀಕ್ ಪುರಾಣ ಕಥೆಗಳ ಸಂಗ್ರಹಕ್ಕೆ ಇಂಗ್ಲಿಷಿನಲ್ಲಿ ಬರವಿಲ್ಲ. ಆದರೆ ಬಹುತೇಕ ಸಂಗ್ರಹಗಳಲ್ಲಿ ಹರ್ಮೀಸನಿಗೆ ಸಿಗುವ ಜಾಗ ಒಂದೆರಡು ಪುಟ ಮಾತ್ರ. ಹುಟ್ಟಿದ ದಿನವೇ ಅಣ್ಣನ ದನ ಕದ್ದ, ಸಿಕ್ಕಿಬಿದ್ದ, ವಾದ್ಯ ಕೊಟ್ಟು ರಾಜಿ ಮಾಡಿಕೊಂಡ, ಅಲ್ಲಿಗೆ ಮುಗಿಯಿತು. ಪ್ರಮೀಥಿಯಸ್ ಬೆಂಕಿ ಕದ್ದ, ಹದ್ದು ಅವನ ಯಕೃತ್ತು ತಿಂದಿತು, ಅಷ್ಟೇ. ಈ ದೇವತೆಗಳ ಚಾಲಾಕಿತನವೆಲ್ಲ ಇರುವುದು ಕೆಲಸದ ವಿವರದಲ್ಲಿ. ಯಾವ ಗಿಡದ ಕೊಂಬೆ, ಯಾವ ಪ್ರಾಣಿಯ ಚರ್ಮ, ಎಷ್ಟು ತಂತಿ, ಯಾವ ಪಾಲನ್ನು ಏನು ಹೊದಿಸಿ ಮುಚ್ಚಿದ ಎಂಬುದನ್ನು ಕೈಬಿಟ್ಟರೆ ಉಳಿಯುವುದು ತುಂಟ ಮಗುವಿನ ಕಥೆಯೊಂದೇ. ಆದ್ದರಿಂದ ಮೂಲ ಕಾವ್ಯಗಳನ್ನೇ ಓದಬೇಕು. ಗ್ರೀಕ್ ಬಾರದವರಿಗೂ ಅದು ಕಷ್ಟವೇನಲ್ಲ.

ಅದಕ್ಕೆ ಇಂದು ಕೊಳ್ಳಲು ಸಿಗುವುದರಲ್ಲಿ ಒಳ್ಳೆಯ ಜೋಡಿ ಹಾರ್ವರ್ಡ್ ಯೂನಿವರ್ಸಿಟಿ ಪ್ರೆಸ್ ಪ್ರಕಟಿಸುವ ಲೋಬ್ ಕ್ಲಾಸಿಕಲ್ ಲೈಬ್ರರಿಯ ಎರಡು ಸಂಪುಟಗಳು. ಒಂದು 496ನೇ ಸಂಪುಟ: ಎಂ. ಎಲ್. ವೆಸ್ಟ್ ಸಂಪಾದಿಸಿ ಅನುವಾದಿಸಿದ ‘ಹೋಮರಿಕ್ ಹಿಮ್ಸ್’, ಅಂದರೆ ಹೋಮರನ ಹೆಸರಿನಲ್ಲಿ ಬಂದಿರುವ ದೇವತಾ ಸ್ತೋತ್ರಗಳು, 2003ರದು. ಇನ್ನೊಂದು 57ನೇ ಸಂಪುಟ: ಪ್ರಾಚೀನ ಗ್ರೀಕ್ ಕವಿ ಹೆಸಿಯಡ್, ಗ್ಲೆನ್ ಮೋಸ್ಟ್ ಸಿದ್ಧಪಡಿಸಿದ್ದು. ಇದು 2006ರಲ್ಲಿ ಬಂತು, 2018ರಲ್ಲಿ ಪರಿಷ್ಕೃತವಾಯಿತು. ಮೊದಲನೆಯದರಲ್ಲಿ ಹರ್ಮೀಸ್, ಎರಡನೆಯದರಲ್ಲಿ ಪ್ರಮೀಥಿಯಸ್.

ಲೋಬ್ ಪುಸ್ತಕ ಕಾಣದವರಿಗೆ ಒಂದು ಮಾತು. ಎಡಪುಟದಲ್ಲಿ ಗ್ರೀಕ್ ಪದ್ಯ, ಬಲಪುಟದಲ್ಲಿ ಅದೇ ಸಾಲುಗಳ ಇಂಗ್ಲಿಷ್ ಗದ್ಯ. ಗ್ರೀಕ್ ಕೃತಿಗೆ ಹಸಿರು ಹೊದಿಕೆ, ಲ್ಯಾಟಿನ್‌ಗೆ ಕೆಂಪು. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು, ಗಟ್ಟಿ ರಟ್ಟು, ಬಸ್ಸಿನಲ್ಲೂ ಓದಬಹುದು. ಇದೇ ಪ್ರೆಸ್ ತರುವ ಮೂರ್ತಿ ಕ್ಲಾಸಿಕಲ್ ಲೈಬ್ರರಿಯಲ್ಲಿ 2017ರಲ್ಲಿ ವನಮಾಲಾ ವಿಶ್ವನಾಥ ಅವರ ಅನುವಾದದಲ್ಲಿ ಬಂದ ರಾಘವಾಂಕನ ಹರಿಶ್ಚಂದ್ರ ಕಾವ್ಯವನ್ನು ನೋಡಿದವರಿಗೆ ಈ ಎದುರುಬದುರು ಪುಟದ ಕ್ರಮ ಹೊಸದಲ್ಲ. ಗ್ರೀಕ್ ಲಿಪಿ ಓದಲು ಬಾರದಿದ್ದರೂ ಎಡಪುಟ ವ್ಯರ್ಥವಾಗುವುದಿಲ್ಲ. ಸಾಲಿನ ಸಂಖ್ಯೆ ಅಲ್ಲಿರುತ್ತದೆ, ಬೇರೆ ಯಾವ ಪುಸ್ತಕದ ಉಲ್ಲೇಖವನ್ನಾದರೂ ಅದರಿಂದ ಹಿಡಿಯಬಹುದು. ಕೆಳಗೆ ಕೊಟ್ಟಿರುವ ಸಂಖ್ಯೆಗಳೆಲ್ಲ ಆ ಸಾಲಿನವು.

496ರಲ್ಲಿ ಓದಬೇಕಾದದ್ದು ನಾಲ್ಕನೆಯ ಸ್ತೋತ್ರ, ಹರ್ಮೀಸನದು, 580 ಸಾಲು. ಈ ಸ್ತೋತ್ರಗಳಲ್ಲೆಲ್ಲ ಇದೇ ಉದ್ದದ್ದು. ಸ್ತೋತ್ರ ಎಂಬ ಹೆಸರು ಕೇಳಿ ಸಹಸ್ರನಾಮದಂಥದ್ದನ್ನು ನಿರೀಕ್ಷಿಸಿದರೆ ತಪ್ಪಾಗುತ್ತದೆ, ಇದು ಪೂರ್ತಿ ಕಥನ ಕಾವ್ಯ, ಅದರಲ್ಲೂ ನಗಿಸುವ ಕಾವ್ಯ. ಬೆಳಗ್ಗೆ ಹುಟ್ಟಿದ, ಮಧ್ಯಾಹ್ನ ಲೈರ್ ಎಂಬ ತಂತಿವಾದ್ಯ ನುಡಿಸಿದ, ಸಂಜೆ ಅಣ್ಣ ಅಪೊಲೊನ ದನ ಕದ್ದ ಎಂದು 17–18ನೇ ಸಾಲಿನಲ್ಲೇ ಕವಿ ಇಡೀ ಕಥೆ ಬಿಟ್ಟುಕೊಡುತ್ತಾನೆ. ಆಮೇಲೆ ಕುತೂಹಲ ಉಳಿಯುವುದು ಹೇಗೆ ಮಾಡಿದ ಎಂಬುದರಲ್ಲಿ. ಅನುವಾದವನ್ನು ಅಳೆಯಬೇಕಾದದ್ದೂ ಅಲ್ಲೇ.

ಮೊದಲ ಪರೀಕ್ಷೆ ಆಮೆಯದು, 24ರಿಂದ 54. ತಾನು ಹುಟ್ಟಿದ ಗುಹೆಯ ಅಂಗಳದ ಬಾಗಿಲಲ್ಲಿ ಹುಲ್ಲು ಮೇಯುತ್ತಿದ್ದ ಬೆಟ್ಟದ ಆಮೆಯನ್ನು ಕಂಡು ಮಗು ನಗುತ್ತದೆ, ಒಳ್ಳೆಯ ಮಾತಾಡಿ ಎತ್ತಿಕೊಂಡು ಒಳಗೆ ಒಯ್ಯುತ್ತದೆ. ಕಬ್ಬಿಣದ ಉಳಿಯಿಂದ ಒಳಗಿನದನ್ನೆಲ್ಲ ಕೆತ್ತಿ ತೆಗೆಯುತ್ತದೆ. ಜೊಂಡಿನ ಕಡ್ಡಿಗಳನ್ನು ಅಳತೆಗೆ ಕತ್ತರಿಸಿ ಚಿಪ್ಪಿಗೆ ತೂರಿಸುತ್ತದೆ. ಮೇಲೆ ಎತ್ತಿನ ಚರ್ಮ ಬಿಗಿಯುತ್ತದೆ, ಎರಡು ತೋಳು ನಿಲ್ಲಿಸಿ ಅಡ್ಡಪಟ್ಟಿ ಸೇರಿಸುತ್ತದೆ, ಕುರಿಯ ಕರುಳಿನ ಏಳು ತಂತಿ ಕಟ್ಟುತ್ತದೆ. ವೆಸ್ಟ್ ಈ ಕ್ರಮವನ್ನು ಎಲ್ಲೂ ಕಲಸುವುದಿಲ್ಲ. ವಾಕ್ಯ ಚಿಕ್ಕದು, ಒಂದು ಕೆಲಸಕ್ಕೆ ಒಂದು ಕ್ರಿಯಾಪದ, ಓದುತ್ತಿದ್ದರೆ ಕಮ್ಮಟದಲ್ಲಿ ನಿಂತು ನೋಡಿದ ಹಾಗಿರುತ್ತದೆ.

ಕೊರತೆ ಇರುವುದು ಟಿಪ್ಪಣಿಯಲ್ಲಿ. ಜೊಂಡಿನ ಕಡ್ಡಿ ಯಾತಕ್ಕೆ ಎಂದು ವಾದ್ಯ ನೋಡದವರಿಗೆ ಹೊಳೆಯುವುದೇ ಇಲ್ಲ. ಟೊಳ್ಳು ಚಿಪ್ಪಿನ ಮೇಲೆ ಹಸಿ ಚರ್ಮ ಎಳೆದು ಬಿಗಿದರೆ ಅದು ಒಳಕ್ಕೆ ಕುಸಿಯುತ್ತದೆ, ಕಡ್ಡಿಗಳು ಅದಕ್ಕೆ ಅಡಿಯಿಂದ ಆಧಾರ ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಇಲ್ಲಿ ಒಂದು ರೇಖಾಚಿತ್ರ ಬೇಕಿತ್ತು. ಅದರ ಬದಲು ಬ್ರಿಟಿಷ್ ಮ್ಯೂಸಿಯಂನ ವೆಬ್‌ಸೈಟಿನಲ್ಲಿ ಪ್ರಾಚೀನ ಗ್ರೀಕ್ ಲೈರ್‌ನ ಉಳಿಕೆಯ ಫೋಟೊ ಹುಡುಕಿ ಪಕ್ಕದಲ್ಲಿಟ್ಟುಕೊಂಡರೆ ಈ ಮೂವತ್ತು ಸಾಲು ತಿಳಿಯಾಗುತ್ತದೆ.

ಎರಡನೆಯ ಪರೀಕ್ಷೆ ಕಳ್ಳತನದ್ದೇ, 68ರಿಂದ 153. ಸ್ತೋತ್ರದಲ್ಲೇ ಸಮೃದ್ಧವಾದ ಭಾಗ ಇದು, ಸಂಗ್ರಹಗಳಲ್ಲಿ ಹೆಚ್ಚು ಹಾಳಾಗುವುದೂ ಇದೇ. ಪಿಯೆರಿಯಾದಲ್ಲಿ ಮೇಯುತ್ತಿದ್ದ ದೇವತೆಗಳ ಮಂದೆಯಿಂದ ಐವತ್ತು ದನ ಬೇರ್ಪಡಿಸಿ, ಅವುಗಳ ಹೆಜ್ಜೆ ಹಿಂದುಮುಂದಾಗುವಂತೆ ಹೊಡೆಯುತ್ತಾನೆ. ತನ್ನ ಹೆಜ್ಜೆ ಗುರುತು ಸಿಗಬಾರದೆಂದು ಝಾವುಕ ಗಿಡದ ಮತ್ತು ಮರ್ಟಲ್ ಜಾತಿಯ ಎಳೆ ಕೊಂಬೆಗಳನ್ನು ಎಲೆ ಸಮೇತ ಹೆಣೆದು ಪಾದಕ್ಕೆ ಕಟ್ಟಿಕೊಳ್ಳುತ್ತಾನೆ. ಇದರ ಫಲ ಓದುಗನಿಗೆ ಗೊತ್ತಾಗುವುದು ನೂರಮೂವತ್ತು ಸಾಲು ಕಳೆದ ಮೇಲೆ, 219–226ರಲ್ಲಿ. ಅಪೊಲೊ ಬಂದು ನೋಡುತ್ತಾನೆ: ದನದ ಹೆಜ್ಜೆಗಳೆಲ್ಲ ಹುಲ್ಲುಗಾವಲಿನ ಕಡೆಗೇ ಮುಖ ಮಾಡಿವೆ. ಪಕ್ಕದಲ್ಲಿರುವ ಇನ್ನೊಂದು ಗುರುತು ಗಂಡಸಿನದಲ್ಲ, ಹೆಂಗಸಿನದಲ್ಲ, ತೋಳದ್ದಲ್ಲ, ಕರಡಿಯದಲ್ಲ, ಸಿಂಹದ್ದಲ್ಲ, ಕುದುರೆ ಮೈಯ ಸೆಂಟಾರ್‌ನದೂ ಅಲ್ಲ. ಭವಿಷ್ಯ ನುಡಿಯುವ ದೇವರೇ ಮಣ್ಣು ನೋಡಿ ಬೆಪ್ಪಾಗಿ ನಿಲ್ಲುತ್ತಾನೆ. ಮೊದಲ ಭಾಗದ ಹೆಣಿಗೆಯನ್ನು ಗಮನವಿಟ್ಟು ಓದಿರದಿದ್ದರೆ ಈ ಜಾಗದಲ್ಲಿ ನಗು ಬರುವುದಿಲ್ಲ.

ದಾರಿ ಅರ್ಥವಾಗಲು ನಕ್ಷೆ ಬೇಕೇ ಬೇಕು. ಪಿಯೆರಿಯಾ ಉತ್ತರದಲ್ಲಿ ಒಲಿಂಪಸ್ ಬೆಟ್ಟದ ಪಕ್ಕ, ನಡುವೆ ಬಿಯೋಷಿಯಾದ ಆಂಕೆಸ್ಟಸ್, ಕೊನೆಗೆ ಪೆಲೊಪೊನೀಸ್‌ನ ಪಶ್ಚಿಮದಲ್ಲಿ ಆಲ್ಫಿಯಸ್ ನದಿ. ಗ್ರೀಸ್‌ನ ಉದ್ದದ ದೊಡ್ಡ ಭಾಗವನ್ನು ಕೂಸು ಒಂದೇ ರಾತ್ರಿಯಲ್ಲಿ ದನ ಹೊಡೆದುಕೊಂಡು ದಾಟುತ್ತದೆ. ಆಂಕೆಸ್ಟಸ್‌ನಲ್ಲಿ ದ್ರಾಕ್ಷಿ ತೋಟದ ಮುದುಕನೊಬ್ಬ ನೋಡಿಬಿಡುತ್ತಾನೆ. ಕಂಡದ್ದನ್ನು ಕಾಣಲಿಲ್ಲವೆನ್ನು, ಕೇಳಿದ್ದನ್ನು ಕೇಳಲಿಲ್ಲವೆನ್ನು ಎಂದು ಹರ್ಮೀಸ್ ತಾಕೀತು ಮಾಡುತ್ತಾನೆ. ಮುದುಕ ಮರುದಿನವೇ ಅಪೊಲೊಗೆ ಹೇಳಿಬಿಡುತ್ತಾನೆ. ರೋಮನ್ ಕವಿ ಓವಿಡ್‌ನ ಕಾವ್ಯದಲ್ಲಿ ಇವನಿಗೆ ಬ್ಯಾಟಸ್ ಎಂಬ ಹೆಸರು, ಮಾತು ಮುರಿದದ್ದಕ್ಕೆ ಕಲ್ಲಾಗುವ ಶಿಕ್ಷೆ. ಸ್ತೋತ್ರದಲ್ಲಿ ಹೆಸರೂ ಇಲ್ಲ, ಶಿಕ್ಷೆಯೂ ಇಲ್ಲ. ಸಂಗ್ರಹಗಳು ಎರಡನ್ನೂ ಬೆರೆಸುವುದರಿಂದ ಈ ವ್ಯತ್ಯಾಸ ನೆನಪಿರಲಿ.

ಆಲ್ಫಿಯಸ್ ದಡದಲ್ಲಿ ಬೆಂಕಿ ಹೊತ್ತಿಸುವುದು 108ರಿಂದ. ಕಡ್ಡಿ ಕಡೆದು ಬೆಂಕಿ ಮಾಡುವ ವಿದ್ಯೆಯನ್ನು ಹರ್ಮೀಸನೇ ಮೊದಲು ಕಂಡುಹಿಡಿದ ಎಂದು 111ನೇ ಸಾಲು ಸ್ಪಷ್ಟವಾಗಿ ಹೇಳುತ್ತದೆ. ಬೆಂಕಿ ಎಂದರೆ ಪ್ರಮೀಥಿಯಸ್ ಎಂದು ಕಲಿತವರು ಇಲ್ಲಿ ತಡೆದು ನಿಲ್ಲಬೇಕು. ಒಬ್ಬ ಇದ್ದ ಬೆಂಕಿಯನ್ನು ಕದ್ದವನು, ಇನ್ನೊಬ್ಬ ಬೆಂಕಿ ಹುಟ್ಟಿಸುವ ಉಪಾಯ ಮಾಡಿದವನು. ದುರದೃಷ್ಟಕ್ಕೆ ಇದೇ ಜಾಗದಲ್ಲಿ ಹಸ್ತಪ್ರತಿಗಳ ಪಾಠ ಕೆಟ್ಟಿದೆ. ಲಾರೆಲ್ ಕೊಂಬೆಯನ್ನು ಸವರಿದ ಮೇಲೆ ಅದನ್ನು ಯಾವುದಕ್ಕೆ ಉಜ್ಜಿದ ಎಂಬುದು ಬಿಟ್ಟುಹೋಗಿದೆ, ಸಾಲು ಲೋಪವಾಗಿರಬೇಕು ಎನ್ನುತ್ತಾರೆ ಅನೇಕ ಸಂಪಾದಕರು. ಇಂಗ್ಲಿಷ್ ಓದುವಾಗ ಏನೋ ಹಾರಿಹೋಯಿತು ಅನ್ನಿಸಿದರೆ ಅದು ಅನುವಾದದ ದೋಷವಲ್ಲ. ಇಂಥ ಕಡೆಗಳಲ್ಲಿ ಎಡಪುಟದ ಅಡಿಯಲ್ಲಿರುವ ಪಾಠಾಂತರದ ಸಣ್ಣ ಅಕ್ಷರದ ಕಡೆ ಕಣ್ಣು ಹಾಯಿಸುವುದು ಒಳ್ಳೆಯದು.

ಮುಂದೆ ಎರಡು ಹಸು ಕೊಂದು, ಮಾಂಸ ಹುರಿದು, ಚಪ್ಪಟೆ ಬಂಡೆಯ ಮೇಲೆ ಹನ್ನೆರಡು ಪಾಲು ಹಾಕಿ ಚೀಟಿ ಎತ್ತುತ್ತಾನೆ. ವಾಸನೆಗೆ ಬಾಯಲ್ಲಿ ನೀರೂರಿದರೂ ಒಂದು ತುಂಡೂ ನುಂಗುವುದಿಲ್ಲ. ಈ ಹನ್ನೆರಡರಲ್ಲಿ ತನ್ನದೂ ಒಂದು ಪಾಲು, ಅಂದರೆ ತಾನೂ ಹನ್ನೆರಡು ದೇವತೆಗಳಲ್ಲಿ ಒಬ್ಬ ಎಂದು ಸಾರಿಕೊಳ್ಳುತ್ತಿದ್ದಾನೆ ಎಂದು ಓದುವವರು ಬಹಳ ಮಂದಿ. ಆ ಓದು ಸರಿ. ಮಾಂಸ ತಿನ್ನುವವರು ಮನುಷ್ಯರು, ಹೊಗೆಯ ಪಾಲು ಪಡೆಯುವವರು ದೇವತೆಗಳು. ಆಸೆಯನ್ನು ಅಲ್ಲಿ ತಡೆದುಕೊಂಡಿದ್ದರಿಂದಲೇ ಕೂಸು ದೇವರ ಸಾಲಿಗೆ ಸೇರುತ್ತದೆ. ಆಮೇಲೆ ಗೊರಸು, ತಲೆ ಸುಟ್ಟು, ಕೆಂಡ ಆರಿಸಿ, ಬೂದಿಯ ಮೇಲೆ ಮರಳು ಎರಚಿ, ಹೆಣೆದ ಪಾದರಕ್ಷೆಯನ್ನು ಹೊಳೆಗೆ ಎಸೆದು, ಬೆಳಗಾಗುವ ಮೊದಲೇ ಮನೆಯ ಬೀಗದ ಕಂಡಿಯಲ್ಲಿ ಮಂಜಿನ ಹಾಗೆ ನುಸುಳಿ ತೊಟ್ಟಿಲು ಸೇರುತ್ತದೆ.

ತೊಟ್ಟಿಲಲ್ಲಿ ಬಟ್ಟೆ ಸುತ್ತಿಕೊಂಡು ನಾನಲ್ಲ ಎನ್ನುವ ಕೂಸು ಎಂದಕೂಡಲೇ ನಮಗೆ ಬೆಣ್ಣೆ ಕಳ್ಳ ಕೃಷ್ಣ ನೆನಪಾಗುತ್ತಾನೆ. ಹೋಲಿಕೆಯನ್ನು ಬಹಳ ದೂರ ಎಳೆಯಬಾರದು. ಕೃಷ್ಣನ ಕಳವು ಲೀಲೆ, ಅವನಿಗೆ ಸಾಬೀತು ಮಾಡಬೇಕಾದದ್ದು ಏನೂ ಇಲ್ಲ. ಹರ್ಮೀಸನದು ಹಕ್ಕಿನ ಪ್ರಶ್ನೆ. ಗುಹೆಯಲ್ಲಿ ಕಾಣಿಕೆಯೂ ಪ್ರಾರ್ಥನೆಯೂ ಇಲ್ಲದೆ ಕೂರಲಾರೆ, ಅಪೊಲೊಗಿರುವ ಗೌರವ ನನಗೂ ಬೇಕು, ಅಪ್ಪ ಕೊಡದಿದ್ದರೆ ಕಳ್ಳರ ಒಡೆಯನಾಗುತ್ತೇನೆ, ಅಪೊಲೊನ ಡೆಲ್ಫಿ ದೇವಾಲಯಕ್ಕೇ ಕನ್ನ ಹಾಕುತ್ತೇನೆ ಎಂದು 166–181ರಲ್ಲಿ ತಾಯಿಗೆ ನೇರವಾಗಿ ಹೇಳುತ್ತಾನೆ. ತುರುಗೋಳಿನಲ್ಲಿ ಸತ್ತವರಿಗೆ ವೀರಗಲ್ಲು ನಿಲ್ಲಿಸಿದ ನಾಡಿನವರಿಗೆ ದನ ಹೊಡೆದುಕೊಂಡು ಹೋಗುವುದು ಮಾನದ ವಿಷಯ ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಸುಳ್ಳಿನ ಭಾಗವನ್ನು ನಿಧಾನವಾಗಿ ಓದಬೇಕು. ಅಪೊಲೊ ಬಂದು ಗದರಿದಾಗ ಮಗು ಹೇಳುವುದು: ನಾನು ಹುಟ್ಟಿದ್ದೇ ನಿನ್ನೆ, ಪಾದ ಇನ್ನೂ ಮೆತ್ತಗಿದೆ, ನೆಲ ಗಟ್ಟಿ; ದನ ಅಂದರೆ ಏನೆಂದು ಕೇಳಿ ಗೊತ್ತು ಅಷ್ಟೇ. ಅಪೊಲೊ ಎತ್ತಿಕೊಂಡರೆ ಹೂಸು ಬಿಟ್ಟು, ಜೊತೆಗೊಂದು ಸೀನು (295–297). ಮೂಲವೂ ಇದನ್ನು ಮರೆಮಾಚಿಯೇ ಹೇಳುತ್ತದೆ, ಆದರೆ ಶಕುನದ ದೇವರಿಗೆ ಕೊಟ್ಟ ಶಕುನ ಅದು ಎಂಬ ತಮಾಷೆ ಅಲ್ಲೇ ಇದೆ. ಆಮೇಲೆ ದೇವತೆಗಳ ರಾಜನೂ ಇಬ್ಬರ ಅಪ್ಪನೂ ಆದ ಜ್ಯೂಸ್‌ನ ಎದುರು ನಡೆಯುವ ವಿಚಾರಣೆ. ದನವನ್ನು ಮನೆಗೆ ಹೊಡೆದುಕೊಂಡು ಹೋಗಿಲ್ಲ, ಹೊಸಿಲು ದಾಟಿಲ್ಲ ಎನ್ನುತ್ತಾನೆ ಹರ್ಮೀಸ್ (379–380). ಎರಡೂ ಅಕ್ಷರಶಃ ನಿಜ. ದನ ಇರುವುದು ಆಲ್ಫಿಯಸ್ ಪಕ್ಕದಲ್ಲಿ, ತಾನು ಒಳಗೆ ಬಂದದ್ದು ಬೀಗದ ಕಂಡಿಯಲ್ಲಿ. ಕಥಾಸಂಗ್ರಹದಲ್ಲಿ ‘ಸುಳ್ಳು ಹೇಳಿದ’ ಎಂದು ಒಂದೇ ಮಾತಿನಲ್ಲಿ ಮುಗಿಯುವ ಜಾಗ ಇದು. ಮೂಲದಲ್ಲಿ ನುರಿತ ವಕೀಲನ ಜವಾಬು. ಜ್ಯೂಸ್ ಜೋರಾಗಿ ನಗುತ್ತಾನೆ, ದನ ತೋರಿಸು ಎಂದು ಅಪ್ಪಣೆ ಮಾಡುತ್ತಾನೆ.

ಕೊನೆಯ ಮೂರನೇ ಒಂದು ಭಾಗದಲ್ಲಿ ಓದು ಕುಂಟುತ್ತದೆ. 409ರ ಸುತ್ತ ಅಪೊಲೊ ಬಳ್ಳಿಯ ಹಗ್ಗ ಹೊಸೆಯುತ್ತಾನೆ, ಅದು ನೆಲಕ್ಕೆ ಬೇರುಬಿಟ್ಟು ಹಸುಗಳ ಮೇಲೆಲ್ಲ ಹಬ್ಬುತ್ತದೆ. ಕಟ್ಟಲು ಹೊರಟದ್ದು ಹರ್ಮೀಸನನ್ನೋ ಹಸುಗಳನ್ನೋ ಎಂಬುದು ಉಳಿದಿರುವ ಪಾಠದಿಂದ ಖಚಿತವಾಗುವುದಿಲ್ಲ. ಲೈರ್ ಕೊಟ್ಟು ದನ ಪಡೆಯುವ ವಿನಿಮಯ ಚೆಂದವಾಗಿದೆ. ಅದಕ್ಕಿಂತ ಚೆಂದ, ಲೈರ್ ಕೈಗೆ ಬಂದ ಮೇಲೂ ಅಪೊಲೊ ಪಡುವ ಆತಂಕ. ಇದನ್ನೂ ನನ್ನ ಬಿಲ್ಲನ್ನೂ ಸೇರಿಸಿ ಕದ್ದುಬಿಟ್ಟೀಯ, ಆಣೆ ಮಾಡು ಎಂದು ಕೇಳುತ್ತಾನೆ. ಜೇನು ತಿಂದರೆ ನಿಜ ನುಡಿದು, ಸಿಗದಿದ್ದರೆ ದಾರಿ ತಪ್ಪಿಸುವ ಪಾರ್ನಾಸಸ್‌ನ ಮೂವರು ಕನ್ಯೆಯರ ಭಾಗ (552–566) ಮೊದಲ ಓದಿಗೆ ತಲೆಬುಡ ತಿಳಿಯುವುದಿಲ್ಲ. ಅಲ್ಲಿ ಸಿಕ್ಕಿಹಾಕಿಕೊಳ್ಳದೆ ಮುಂದೆ ಹೋಗಿ.

ಇನ್ನು ಹೆಸಿಯಡ್. 57ನೇ ಸಂಪುಟದಲ್ಲಿ ಪ್ರಮೀಥಿಯಸ್ ಎರಡು ಕಡೆ ಇದ್ದಾನೆ: ‘ಥಿಯೊಗನಿ’ಯ 507–616, ‘ವರ್ಕ್ಸ್ ಅಂಡ್ ಡೇಸ್’ನ 42–105. ಒಂದನ್ನೇ ಓದಿದರೆ ಅರ್ಧ ಕಥೆ. ಮೆಕೋನೆ ಎಂಬಲ್ಲಿ ಎತ್ತಿನ ಪಾಲು ಹಂಚಿದ ಮೋಸ ಮೊದಲನೆಯದರಲ್ಲಿ ಮಾತ್ರ, ಮೊದಲ ಹೆಣ್ಣು ಪಂಡೋರಾಳ ಹೆಸರು ಮತ್ತು ಅವಳು ಮುಚ್ಚಳ ತೆರೆದ ಪ್ರಸಂಗ ಎರಡನೆಯದರಲ್ಲಿ ಮಾತ್ರ. ತೆರೆದದ್ದು ಪೆಟ್ಟಿಗೆಯನ್ನಲ್ಲ, ಧಾನ್ಯ, ಎಣ್ಣೆ ತುಂಬಿಡುವಂಥ ದೊಡ್ಡ ವಾಡೆಯನ್ನು. ಪೆಟ್ಟಿಗೆ ಬಂದದ್ದು 16ನೇ ಶತಮಾನದಲ್ಲಿ ಎರಾಸ್ಮಸ್‌ನ ಲ್ಯಾಟಿನ್ ಬರಹದಿಂದ. ಮೋಸ್ಟ್‌ನಲ್ಲಿ ಆ ತಪ್ಪಿಲ್ಲ.

ಮೆಕೋನೆಯ ಪಾಲು ಈ ಪುಸ್ತಕಕ್ಕೆ ಒಳ್ಳೆಯ ಪರೀಕ್ಷೆ. ಒಂದು ಕಡೆ ಮಾಂಸ, ಕೊಬ್ಬು ತುಂಬಿದ ಕರುಳು. ಅದಕ್ಕೆ ಮೇಲೆ ಹೊದಿಸಿದ್ದು ಎತ್ತಿನ ಹೊಟ್ಟೆಚೀಲ, ನೋಡಿದರೆ ಹೇಸಿಗೆ. ಇನ್ನೊಂದು ಕಡೆ ಬರೀ ಬಿಳಿ ಎಲುಬು; ಅದನ್ನು ಒಪ್ಪವಾಗಿ ಜೋಡಿಸಿ ಹೊಳೆಯುವ ಕೊಬ್ಬು ಹೊದಿಸಿದ್ದಾನೆ. ಜ್ಯೂಸ್ ಎರಡೂ ಕೈಯಿಂದ ಕೊಬ್ಬನ್ನು ಎತ್ತುತ್ತಾನೆ, ಕೆಳಗೆ ಎಲುಬು. ಬಲಿಪೀಠದಲ್ಲಿ ದೇವರಿಗೆ ಎಲುಬು ಸುಟ್ಟು ಮಾಂಸ ತಾವು ತಿನ್ನುವ ಗ್ರೀಕರ ಪದ್ಧತಿಗೆ ಇದೇ ಕಾರಣ ಎನ್ನುತ್ತಾನೆ ಹೆಸಿಯಡ್. ಜೊತೆಗೆ 551ರಲ್ಲಿ ಜ್ಯೂಸ್‌ಗೆ ಮೋಸ ಗೊತ್ತಿತ್ತು ಎಂದೂ ಒತ್ತಿ ಹೇಳುತ್ತಾನೆ. ಗೊತ್ತಿದ್ದವನು ಆಮೇಲೆ ಅಷ್ಟು ಸಿಟ್ಟಾದದ್ದೇಕೆ? ಜ್ಯೂಸ್‌ನ ಮರ್ಯಾದೆ ಉಳಿಸಲು ಕವಿ ಹಳೆಯ ಕಥೆಗೆ ಹಾಕಿದ ತೇಪೆ ಅದು ಎಂಬ ವಾದ ಹೆಚ್ಚು ನಂಬುವಂತಿದೆ. ಮೋಸ್ಟ್‌ನ ಇಂಗ್ಲಿಷ್ ಮೂಲಕ್ಕೆ ಅಂಟಿಕೊಂಡಿರುವುದರಿಂದ ತೇಪೆಯ ಹೊಲಿಗೆ ಕಾಣುತ್ತದೆ. ಅಷ್ಟೇ ಕಾರಣಕ್ಕೆ ಅದು ವೆಸ್ಟ್‌ನ ಇಂಗ್ಲಿಷಿನಷ್ಟು ಸರಾಗವಾಗಿಲ್ಲ.

ಬೆಂಕಿ ಕದ್ದು ತಂದದ್ದು ಫೆನಲ್ ಗಿಡದ ದಂಟಿನಲ್ಲಿ ಎಂದು ಇಂಗ್ಲಿಷಿನಲ್ಲಿ ಓದಿ ಸೋಂಪಿನ ಗಿಡ ಎಂದುಕೊಂಡರೆ ಉಪಾಯವೇ ಅರ್ಥವಾಗುವುದಿಲ್ಲ, ಆ ತೆಳು ದಂಟಿನಲ್ಲಿ ಕೆಂಡ ಎಲ್ಲಿಡುವುದು? ಇದು ಆಳೆತ್ತರಕ್ಕೂ ಮೀರಿ ಬೆಳೆಯುವ ದೈತ್ಯ ಫೆನಲ್, ಫೆರುಲಾ ಕುಲದ್ದು. ನಮ್ಮ ಸಾರಿಗೆ ಬೀಳುವ ಇಂಗು ಬರುವುದು ಇದೇ ಕುಲದ ಬೇರೆ ಗಿಡಗಳಿಂದ. ಒಣಗಿದ ದಂಟಿನ ಒಳಗಿನ ತಿರುಳು ನಿಧಾನವಾಗಿ ಕನಲುತ್ತಾ ಇರುತ್ತದೆ, ಹೊರ ಸಿಪ್ಪೆ ಸುಡುವುದಿಲ್ಲ. ಹೊರಗಿಂದ ನೋಡಿದವರಿಗೆ ಅದು ಒಂದು ಊರುಗೋಲು ಮಾತ್ರ. ಎತ್ತಿನ ಪಾಲಿನಲ್ಲಿ ಮಾಡಿದ ಕೆಲಸವೇ ಇಲ್ಲೂ: ಒಳಗಿನದಕ್ಕೂ ಹೊರಗಿನದಕ್ಕೂ ತಾಳೆಯಾಗದಂತೆ ಮುಚ್ಚಿಡುವುದು.

ಕೊಳ್ಳುವಾಗ ಎಡವುವ ಜಾಗ ಒಂದಿದೆ. 57 ಎಂಬ ಸಂಖ್ಯೆ ಮೊದಲು ಇದ್ದದ್ದು ಎವೆಲಿನ್-ವೈಟ್ 1914ರಲ್ಲಿ ತಂದ ಸಂಪುಟಕ್ಕೆ. ಹೆಸಿಯಡ್ ಮತ್ತು ಸ್ತೋತ್ರಗಳು ಅದರಲ್ಲಿ ಒಟ್ಟಿಗೇ ಇದ್ದವು. ಹಳೆಯ ಪುಸ್ತಕದ ಅಂಗಡಿಯಲ್ಲಿ, ಆನ್‌ಲೈನ್‌ನಲ್ಲಿ ಲೋಬ್ 57 ಎಂದು ಹಾಕಿದ್ದು ಅದೇ ಆಗಿರಬಹುದು. ಮುಖಪುಟದಲ್ಲಿ ಮೋಸ್ಟ್ ಹೆಸರಿದೆಯೇ ನೋಡಿ. ಹಕ್ಕುಸ್ವಾಮ್ಯ ಮುಗಿದ ಹಳೆಯ ಅನುವಾದವನ್ನು ಸ್ಕ್ಯಾನ್ ಮಾಡಿ ಅಚ್ಚು ಹಾಕಿ ಮಾರುವವರೂ ಇದ್ದಾರೆ, ಅವುಗಳಲ್ಲಿ ಗ್ರೀಕ್ ಅಕ್ಷರ ಕಲಸಿಹೋಗಿರುತ್ತದೆ. ಹೊಸ ಲೋಬ್ ಒಂದಕ್ಕೆ ಸುಮಾರು 30 ಡಾಲರ್ ಮುಖಬೆಲೆ. ಚಿಕ್ಕ ಪುಸ್ತಕಕ್ಕೆ ಇದು ದುಬಾರಿಯೇ.

ಹಣ ಕೊಡಲು ಆಗದವರಿಗೆ ಟಫ್ಟ್ಸ್ ವಿಶ್ವವಿದ್ಯಾಲಯದ ಪರ್ಸಿಯಸ್ ಡಿಜಿಟಲ್ ಲೈಬ್ರರಿ ಉಚಿತ. ಅಲ್ಲಿರುವುದು ಎವೆಲಿನ್-ವೈಟ್‌ನ ಗ್ರೀಕ್ ಪಾಠ ಮತ್ತು ಇಂಗ್ಲಿಷ್. ಗ್ರೀಕ್ ಪದದ ಮೇಲೆ ಒತ್ತಿದರೆ ವ್ಯಾಕರಣ ರೂಪವೂ ನಿಘಂಟಿನ ಅರ್ಥವೂ ಬರುತ್ತದೆ, ಮುದ್ರಿತ ಲೋಬ್‌ನಲ್ಲಿ ಈ ಸೌಕರ್ಯ ಇಲ್ಲ. ತೊಂದರೆ ಎರಡು. ನೂರು ವರ್ಷ ಹಿಂದಿನ ಅನುವಾದ ಬೈಬಲ್ಲಿನ ಇಂಗ್ಲಿಷಿನಂತೆ ಗಂಭೀರವಾಗಿದೆ, ಕೂಸಿನ ತುಂಟತನ ಅದರಡಿ ಸಿಕ್ಕಿ ಸೊರಗುತ್ತದೆ. ಪಾಠವೂ ಹಳೆಯದು, ಕೆಟ್ಟ ಸಾಲುಗಳಲ್ಲಿ ವೆಸ್ಟ್‌ಗಿಂತ ಬೇರೆಯಾಗಿರುತ್ತದೆ. ಎರಡನ್ನೂ ಪಕ್ಕಪಕ್ಕ ಇಟ್ಟು ಓದುವವರು ಇದನ್ನು ಗಮನದಲ್ಲಿಡಬೇಕು. ಗ್ರೀಕ್ ಕಲಿಯುತ್ತಿರುವವರಿಗೆ ಇವೆರಡೂ ಸಾಲದು. ನಿಕೊಲಸ್ ರಿಚರ್ಡ್‌ಸನ್ 2010ರಲ್ಲಿ ಕೇಂಬ್ರಿಡ್ಜ್‌ನಿಂದ ತಂದ ಮೂರು ಸ್ತೋತ್ರಗಳ ವ್ಯಾಖ್ಯಾನ ಬೇಕಾಗುತ್ತದೆ.

ಕಥೆಯನ್ನು ಮುಂದೆ ಹಿಂಬಾಲಿಸುವವರಿಗೆ ಗ್ರೀಕ್ ನಾಟಕಕಾರ ಸೋಫೊಕ್ಲೀಸ್‌ನ ‘ಟ್ರ್ಯಾಕರ್ಸ್’ ನಾಟಕದ ತುಣುಕು ಲೋಬ್ 483ರಲ್ಲಿದೆ. ಅಪೊಲೊನ ದನ ಹುಡುಕಲು ಹೊರಟ ಸ್ಯಾಟಿರ್‌ಗಳು, ಅಂದರೆ ಅರ್ಧ ಮನುಷ್ಯ ಅರ್ಧ ಪ್ರಾಣಿಯಾದ ಕಾಡುಜೀವಿಗಳು, ಗುಹೆಯೊಳಗಿಂದ ಬರುವ ಲೈರ್ ಸದ್ದಿಗೆ ಬೆದರುವ ಪ್ರಸಂಗ ಅದರಲ್ಲಿದೆ. ಈ ನಾಟಕ 1912ರಲ್ಲಿ ಅಚ್ಚಾದ ಪಪೈರಸ್‌ನಿಂದ ಬೆಳಕಿಗೆ ಬಂದದ್ದು. ಸಿಕ್ಕಿದ್ದು ಈಜಿಪ್ಟಿನ ಆಕ್ಸಿರಿಂಕಸ್‌ನ ಕಸದ ದಿಬ್ಬದಲ್ಲಿ. ಕನ್ನಡ ಮಾತು ಇದೆ ಎಂದು 1904ರಲ್ಲಿ ಶಾಸನತಜ್ಞ ಹುಲ್ಚ್ ವಾದಿಸಿದ, ಗೋವಿಂದ ಪೈಗಳು ಬರೆದ, ಇನ್ನೂ ಚರ್ಚೆ ಮುಗಿಯದ ಗ್ರೀಕ್ ಪ್ರಹಸನ ಸಿಕ್ಕಿದ್ದೂ ಅದೇ ಊರಲ್ಲಿ. ಬಿ.ಎಂ.ಶ್ರೀ ಸೋಫೊಕ್ಲೀಸ್‌ನ ‘ಏಜಾಕ್ಸ್’ ನಾಟಕದಿಂದ ‘ಅಶ್ವತ್ಥಾಮನ್’ ಕಟ್ಟಿದಂದಿನಿಂದ ಕನ್ನಡಕ್ಕೆ ಗ್ರೀಕ್ ಬಂದದ್ದು ಹೆಚ್ಚಾಗಿ ದುರಂತದ ದಾರಿಯಲ್ಲಿ. ಅದೇ ಸೋಫೊಕ್ಲೀಸ್ ಹೀಗೆ ನಗಿಸಲೂ ಬಲ್ಲ.

ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ 496 ತೆಗೆದುಕೊಳ್ಳಿ. ಹೆಸಿಯಡ್‌ನ ಆ ಎರಡು ಭಾಗ ಸೇರಿದರೂ ಇನ್ನೂರು ಸಾಲು ದಾಟುವುದಿಲ್ಲ, ಪರ್ಸಿಯಸ್‌ನಲ್ಲಿ ಓದಿ ಮುಗಿಸಬಹುದು. 496 ಓದುವಾಗ ಮೊದಲ ಸಲ 1ರಿಂದ 153ರವರೆಗೆ ಓದಿ ನಿಲ್ಲಿಸಿ, ತೊಟ್ಟಿಲಿಗೆ ಮರಳುವ ಜಾಗ ಅದು. ಎರಡನೇ ಸಲ 396ರವರೆಗೆ, ವಿಚಾರಣೆ ಮುಗಿಯುತ್ತದೆ. ಉಳಿದದ್ದು ಮೂರನೇ ಸಲಕ್ಕೆ. 18ನೇ ಸ್ತೋತ್ರವೂ ಹರ್ಮೀಸನದೇ, ಹನ್ನೆರಡು ಸಾಲು, ಬಹುಪಾಲು ನಾಲ್ಕನೆಯದರ ಆರಂಭವೇ ಮತ್ತೆ ಬಂದಿದೆ, ಬಿಟ್ಟರೂ ನಷ್ಟವಿಲ್ಲ. ಅದರ ಮುಂದಿನ 19ನೆಯದನ್ನು ಬಿಡಬೇಡಿ. ಅಲ್ಲಿ ಹರ್ಮೀಸನಿಗೆ ಆಡಿನ ಕಾಲಿನ, ಕೊಂಬಿನ, ಗಡ್ಡದ ಮಗು ಪ್ಯಾನ್ ಹುಟ್ಟುತ್ತಾನೆ, ಕಂಡು ಹೆದರಿ ಓಡಿಹೋಗುತ್ತಾಳೆ ದಾದಿ, ಅಪ್ಪ ಮಾತ್ರ ಅದನ್ನು ಮೊಲದ ಚರ್ಮದಲ್ಲಿ ಸುತ್ತಿ ಎಲ್ಲ ದೇವತೆಗಳಿಗೂ ತೋರಿಸಲು ಎತ್ತಿಕೊಂಡು ಹೋಗುತ್ತಾನೆ.